ಗುಹೆ ಉಸಿರೆಳೆಯುವ ಕಾಲ

ಮಾರ್ಚ್ ೫, ೧೯೭೮

ಇವತ್ತು ಹೀನೆಯ ಗುಹೆಯನ್ನು ವಾಪಸ್ ತೆಗೆದುಕೊಂಡೆವು.

ಪ್ರವಾಸಿಗಳ ಮೊದಲ ಬಸ್ಸು ಬರುವ ಮುಂಚೆಯೇ ಹದಿನಾಲ್ಕು ಜನ ಗುಡ್ಡ ಹತ್ತಿ ಹೋಗಿ, ಗುಹೆಯ ಮೇಲಿನ ಕಂಡಿಗೆ ಸರ್ಕಾರ ಕೂರಿಸಿದ್ದ ಕಬ್ಬಿಣದ ಬಾಗಿಲನ್ನು ಹಾರೆ ಹಾಕಿ ಕಿತ್ತೆವು. ಅದರ ಮೇಲೆ ಲಂಡನ್ನಿನ ರಾಣಿಯ ಕಿರೀಟದ ಗುರುತಿತ್ತು. ಇಳಿಜಾರಿನಲ್ಲಿ ಉರುಳಿಸಿದಾಗ ಜರೀಗಿಡಗಳನ್ನು ಮುರಿಯುತ್ತ ಹೋಗಿ ನದಿಗೆ ಬಿತ್ತು. ಆ ಸದ್ದನ್ನು ಸಾಯುವವರೆಗೆ ಮರೆಯಲಾರೆ. ಆಕ್ಲೆಂಡಿನ ಕಸಾಯಿ ಕಾರ್ಖಾನೆಯಲ್ಲಿ ಮೂರು ವರ್ಷ, ಊಟದ ಬಿಡುವಿನಲ್ಲಿ ರಕ್ತದ ಕೈ ಒರೆಸಿಕೊಂಡು ಓದಿದ ಒಂದೊಂದು ಕರಪತ್ರವೂ ಆ ಸದ್ದಿನಲ್ಲಿತ್ತು.

ರೀಪೆಕಾ ಅತ್ತೆ ಸಮವಸ್ತ್ರದಲ್ಲೇ ನಿಂತಿದ್ದಳು. ನನ್ನ ಅಪ್ಪನ ಅಕ್ಕ. ನಲವತ್ತೊಂದು ವರ್ಷದಿಂದ ಅವಳದು ಒಂದೇ ಕೆಲಸ: ಬೆಳಿಗ್ಗೆ ಬಾಗಿಲು ತೆರೆಯುವುದು, ಬಿಳಿಯರನ್ನು ದೋಣಿಯಲ್ಲಿ ಕೂರಿಸಿ ಗುಹೆಯ ಚಾವಣಿಯಲ್ಲಿ ಮಿನುಗುವ ಹುಳ ತೋರಿಸುವುದು, ಸಂಜೆ ಬಾಗಿಲು ಮುಚ್ಚುವುದು. ಬಾಗಿಲಿಲ್ಲದ ಚೌಕಟ್ಟನ್ನು ನೋಡಿದಳು, ಕೈಯಲ್ಲಿದ್ದ ಕೀಲಿಕೈ ನೋಡಿದಳು.

"ಈಗ ಇದನ್ನ ಏನ್ ಮಾಡ್ಲಪ್ಪ? ಕಿವಿ ಕೆರ್ಕೊಳ್ಳಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಮಾತ್ರ ನಗಲಿಲ್ಲ.

ಮಧ್ಯಾಹ್ನ ಪೆನೇ ಅಜ್ಜ ಬಂದರು. ಎಂಬತ್ತೊಂದು ವರ್ಷ, ನಮ್ಮ ಕುಲಕ್ಕೆ ಹಿರಿಯರು. ಕೆಳಗಡೆ, ನದಿ ಗುಹೆಯಿಂದ ಹೊರಬೀಳುವ ದೊಡ್ಡ ಬಾಯಿಯಲ್ಲಿ, ಬಂಡೆಯ ಮರೆಯಲ್ಲಿ ಬೆಂಕಿ ಹೊತ್ತಿಸಿದರು. ನೆಲ ಯಾರದು ಎಂದು ಹೇಳುವುದು ಕಾಗದವಲ್ಲ, ಬೆಂಕಿ. ೧೯೦೬ರಲ್ಲಿ ಮೋಜಣಿದಾರ ಬಂದ ದಿನ ನಮ್ಮವರೆಲ್ಲ ಪಕ್ಕದ ಕಣಿವೆಗೆ, ಸಾವಿನ ಮನೆಗೆ ಅಳಲು ಹೋಗಿದ್ದರು. "ಗುಹೆಯ ಬಾಯಲ್ಲಿ ಬೆಂಕಿ ಇಲ್ಲ, ಹೊಗೆ ಇಲ್ಲ, ವಾಸ ಇಲ್ಲ" ಎಂದು ಅವನು ಬರೆದುಕೊಂಡು ಹೋದ. ಆ ಒಂದು ಸಾಲಿಗೆ ಗುಹೆ ಹೋಯಿತು. ಇನ್ನು ಈ ಬೆಂಕಿ ಆರುವುದಿಲ್ಲ.

ಮಾರ್ಚ್ ೯

ಅತ್ತೆ ಬೆಳಿಗ್ಗೆಯೇ ಶುರು ಮಾಡಿದಳು. "ಬೆಂಕೀನ ಅಲ್ಲಿಂದ ತೆಗೀರಿ. ಹೊಗೆ ಒಳಗೆ ಹೋಗುತ್ತೆ. ಹುಳಕ್ಕೆ ಆಗಲ್ಲ."

ನಾನು ಕುರುಡು ನಂಬಿಕೆಯವನಲ್ಲ. ಪರೀಕ್ಷೆ ಮಾಡಿದೆ. ನಡುಮಧ್ಯಾಹ್ನ, ಎಲ್ಲರೂ ನೋಡುತ್ತಿರುವಾಗ, ಹಸಿ ಸೊಪ್ಪು ಹಾಕಿ ದಟ್ಟ ಹೊಗೆ ಎಬ್ಬಿಸಿದೆ. ಗುಹೆಯೊಳಗಿನಿಂದ ತಣ್ಣನೆಯ ಗಾಳಿ ಬೀಸಿ ಅಷ್ಟನ್ನೂ ನಮ್ಮ ಮುಖಕ್ಕೇ ಎರಚಿತು. ಎಲ್ಲರೂ ಕೆಮ್ಮಿ ಕೆಮ್ಮಿ ಓಡಿದರು.

"ನೋಡ್ದಾ ಅತ್ತೆ? ಹೊರಗೆ ಬರ್ತಿದೆ."

"ಈಗ ಬರುತ್ತೆ ಕಣೋ. ಈಗ ಹೀನೆ ಉಸಿರು ಬಿಡೋ ಕಾಲ. ಮೇ ತಿಂಗಳ ಚಳಿ ಬಂದು ಮೊದಲನೇ ಇಬ್ಬನಿ ಹೆಪ್ಪುಗಟ್ಟಲಿ. ಆಮೇಲೆ ಎಳ್ಕೊಳ್ತಾಳೆ."

ಹೀನೆ ನಮ್ಮ ಮೂಲಜ್ಜಿ. ಅವಳ ಬಗ್ಗೆ ನನಗೆ ಗೌರವ ಉಂಟು. ಆದರೆ ಉಸಿರು ಬಿಡುತ್ತಾಳೆ, ಎಳೆಯುತ್ತಾಳೆ ಎಂದು ಬಸ್ಸಿನ ಪ್ರವಾಸಿಗಳಿಗೆ ಹೇಳುವ ಕಥೆಯನ್ನು ನನಗೂ ಹೇಳಬೇಕೆ? ದಾಸ್ಯ ಎಂದರೆ ಇದೇ. ಒಡೆಯನಿಗೆ ಹೇಳಿದ ಸುಳ್ಳನ್ನು ಕೊನೆಗೆ ತಾನೇ ನಂಬುವುದು.

ಮಾರ್ಚ್ ೧೯

ಮಾಕೆರೆ ಆಕ್ಲೆಂಡಿನಿಂದ ಇಪ್ಪತ್ತು ಜನರೊಂದಿಗೆ ಬಂದಿದ್ದಾಳೆ. ಗೋಣಿಗಟ್ಟಲೆ ಗೆಣಸು, ಎರಡು ಡೇರೆ, ಒಂದು ಧ್ವನಿವರ್ಧಕ. ನನಗಿಂತ ಮೂರು ವರ್ಷ ದೊಡ್ಡವಳು, ಎರಡು ಸಲ ಜೈಲು ನೋಡಿದವಳು. ನಾನು ಓದಿದ ಕರಪತ್ರಗಳಲ್ಲಿ ಅರ್ಧ ಅವಳೇ ಅಚ್ಚು ಹಾಕಿಸಿದ್ದು.

ಎಲ್ಲರನ್ನೂ ದೋಣಿಗಳಲ್ಲಿ ಒಳಗೆ ಕರೆದೊಯ್ದೆವು. ಚಾವಣಿ ತುಂಬ ನೀಲಿ-ಹಸಿರು ಬೆಳಕು. ಕೆಳಗೆ ಕಪ್ಪು ನೀರಿನಲ್ಲೂ ಅಷ್ಟೇ. ಪ್ರವಾಸಿಗಳು ಮಿಂಚುಹುಳ ಎನ್ನುತ್ತಾರೆ. ಅಲ್ಲ. ನಾವು ಟಿಟಿವಾಯಿ ಎನ್ನುತ್ತೇವೆ. ಒಂದು ಜಾತಿಯ ನೊಣದ ಮರಿ. ನೊಣದ ಮರಿಯನ್ನು ನೋಡಲು ಲಂಡನ್ನಿನಿಂದ ಬರುತ್ತಾರೆ, ಆ ನೆಲದ ಮಕ್ಕಳು ಮಾತ್ರ ಅವರ ಕಣ್ಣಿಗೆ ಬೀಳುವುದಿಲ್ಲ. ಈ ಸಾಲನ್ನು ಮುಂದಿನ ಕರಪತ್ರಕ್ಕೆ ಇಟ್ಟುಕೊಳ್ಳಬೇಕು.

ನಡುಗುಹೆಯಲ್ಲಿ ನಾನು ಎದ್ದು ನಿಂತು ಧ್ವನಿವರ್ಧಕದಲ್ಲಿ ಮಾತಾಡಿದೆ. "ಈ ಕತ್ತಲೆ ನಮ್ಮದು, ಈ ಬೆಳಕೂ ನಮ್ಮದು!" ಬಂಡೆಗಳು ನನ್ನ ಮಾತನ್ನೇ ನಾಲ್ಕು ಸಲ ಹೇಳಿದವು. ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ಚಾವಣಿ ಮಂಕಾಗುತ್ತ ಹೋಗಿ, ಎದುರು ಕೂತವರ ಮುಖವೂ ಕಾಣದಾಯಿತು. ಜನ ಅದನ್ನು ಒಳ್ಳೆಯ ಶಕುನ ಅಂದುಕೊಂಡು ಹಾಡಲು ತೊಡಗಿದರು.

ಹೊರಗೆ ಬಂದಾಗ ಅತ್ತೆ ಹೇಳಿದಳು, "ಜೋರಾಗಿ ಮಾತಾಡಿದ್ರೆ ಅವು ದೀಪ ಆರಿಸ್ಕೊಳ್ತವೆ. ಮುದುಕ್ರು ನಿದ್ದೆ ಬಂದಂಗೆ ನಟಿಸಲ್ವಾ, ಹಂಗೆ."

ಏಪ್ರಿಲ್ ೨

ಅತ್ತೆಯೊಂದಿಗೆ ಜಗಳ. ಎಲ್ಲರ ಎದುರಿಗೆ.

ಹಂದಿಮೂಳೆ, ಸೊಪ್ಪು ಬೇಯಿಸಿದ ಹಂಡೆಯ ಸುತ್ತ ಕೂತಿದ್ದೆವು. ಅತ್ತೆ ಬಂದು ಕೇಳಿದ್ದು ಒಂದೇ: ಮೇಲಿನ ಕಂಡಿಗೆ ಹಲಗೆಯಾದರೂ ಹೊಡೆಯಿರಿ. ಚಳಿಗಾಲದಲ್ಲಿ ಅದು ತೆರೆದಿದ್ದರೆ ಗುಹೆಗೆ ಗಾಳಿ ಜಾಸ್ತಿ ಆಗುತ್ತದೆ, ಹುಳ ಒಣಗುತ್ತವೆ.

"ಬಾಗ್ಲು ಬಾಗ್ಲು ಅಂತ ಇನ್ನೂ ಸಾಯ್ತೀಯಲ್ಲ" ಅಂದೆ. "ನಲವತ್ತೊಂದು ವರ್ಷ ರಾಣಿ ಬಾಗ್ಲು ಕಾದಿದ್ದು ಸಾಕಾಗ್ಲಿಲ್ವಾ?"

ಅತ್ತೆ ಸೌಟು ತೆಗೆದುಕೊಂಡು ನನ್ನ ತಟ್ಟೆಗೆ ಇನ್ನೊಂದು ಮೂಳೆ ಹಾಕಿದಳು. "ತಿನ್ನು. ಹೊಟ್ಟೆ ತುಂಬಿದ್ರೆ ಬಾಯಿ ಮುಚ್ಚುತ್ತೆ ಅಂತಾರೆ."

ಹೋಗುವಾಗ ತಿರುಗಿ ನೋಡಿದಳು. "ರಾಣಿ ಒಂದ್ ದಿನಾನೂ ಬಂದು ನೋಡ್ಲಿಲ್ಲ ಕಣೋ ತಿಪೆನೆ, ಅವಳ ಬಾಗಿಲು ನಾನು ಹೆಂಗೆ ಕಾದೆ ಅಂತ. ನಾನ್ಯಾಕೆ ಅವಳಿಗೋಸ್ಕರ ಕಾಯ್ಲಿ?"

ಇದಕ್ಕೆ ಉತ್ತರ ಇದೆ. ಹೊಳೆಯುತ್ತಿಲ್ಲ. ನಾಳೆ ಬರೆಯುತ್ತೇನೆ.

ಏಪ್ರಿಲ್ ೨೩

ಗುಹೆಗಾಗಿ ಹೂಡಿದ ಮೊಕದ್ದಮೆಯ ಬಗ್ಗೆ ನಮ್ಮ ವಕೀಲರ ಪತ್ರ ಬಂತು. ಭೂಮಿ ನ್ಯಾಯಾಲಯದ ನ್ಯಾಯಾಧೀಶರು ಆಗಸ್ಟ್ ೧೫ಕ್ಕೆ ಸ್ವತಃ ಸ್ಥಳಕ್ಕೆ ಬರುತ್ತಾರೆ. ನಮ್ಮ ವಾದ ಸರಳ: ಬೆಂಕಿ ಇಲ್ಲವೆಂದು ಕಸಿದಿರಿ, ಇಗೋ ಬೆಂಕಿ. ಮಾರ್ಚ್ ಐದರಿಂದ ಆ ದಿನದವರೆಗೆ ಒಂದು ಗಳಿಗೆಯೂ ಆರಿರಬಾರದು. ಒಂದು ಸಲ ಆರಿದರೂ ಮೊಕದ್ದಮೆ ಮುಗಿದಂತೆ.

ಪಾಳಿ ಹಾಕಿಕೊಂಡಿದ್ದೇವೆ. ಕಾದವರು ಪುಸ್ತಕದಲ್ಲಿ ರುಜು ಹಾಕಬೇಕು. ನನ್ನದು ಬೆಳಗಿನ ಪಾಳಿ.

ಮೇ ೧೪

ಮೊದಲ ಇಬ್ಬನಿ ಹೆಪ್ಪುಗಟ್ಟಿದೆ. ಹುಲ್ಲು ಕಾಲಡಿ ಗಾಜಿನಂತೆ ಮುರಿಯುತ್ತದೆ.

ಒಂದು ಒಳ್ಳೆಯ ಸುದ್ದಿ. ಎರಡು ತಿಂಗಳಿಂದ ಕಣ್ಣು ಉರಿಸುತ್ತಿದ್ದ ಹೊಗೆ ಇವತ್ತು ನಮ್ಮ ಕಡೆ ಬರಲೇ ಇಲ್ಲ. ಇಡೀ ದಿನ ಬೆಂಕಿಯ ಪಕ್ಕ ಆರಾಮಾಗಿ ಕೂತೆವು. ಮಾಕೆರೆ ಗಿಟಾರು ನುಡಿಸಿದಳು. "ಗಾಳಿನೂ ನಮ್ಮ ಪಕ್ಷ ಸೇರ್ಕೊಳ್ತು ನೋಡು" ಅಂದಳು.

ಅತ್ತೆ ದೂರದಲ್ಲಿ, ದೋಣಿ ಕಟ್ಟುವ ಗೂಟದ ಮೇಲೆ ಕೂತು ಹೊಗೆ ಹೋಗುವ ದಾರಿಯನ್ನೇ ನೋಡುತ್ತಿದ್ದಳು. ನಾನು ಅವಳನ್ನು ನೋಡಿದೆ. ಎದ್ದು ಹೋದಳು.

ಮೇ ೨೮

ಒಳಗೆ ಹೋಗಿದ್ದೆ. ಚಾವಣಿಯಲ್ಲಿ ಅಲ್ಲಲ್ಲಿ ಕಪ್ಪು ತೇಪೆಗಳಿವೆ. ಚಳಿಗೆ ಇರಬಹುದು.

ಜೂನ್ ೧೦

ಅತ್ತೆ ನನ್ನ ಪಾಳಿ ಮುಗಿಯುವುದನ್ನೇ ಕಾಯುತ್ತಿದ್ದಳು. "ದೋಣಿ ಹತ್ತು" ಅಂದಳು, ಅಷ್ಟೇ. ಹತ್ತಿದೆ.

ಹುಟ್ಟು ಹಾಕುವುದಿಲ್ಲ ಅವಳು. ಚಾವಣಿಗೆ ಕಟ್ಟಿದ ತಂತಿಯನ್ನು ಕತ್ತಲೆಯಲ್ಲೇ ಹಿಡಿದು ಕೈಯಿಂದ ಕೈಗೆ ಎಳೆಯುತ್ತ ದೋಣಿ ನಡೆಸುತ್ತಾಳೆ. ನೀರಿನ ಸದ್ದು ಕೂಡ ಆಗುವುದಿಲ್ಲ. ಹೀನೆಯ ಹಣೆ ಎಂದು ಕರೆಯುವ ಬಂಡೆಯ ಕೆಳಗೆ ನಿಲ್ಲಿಸಿದಳು. ಅಲ್ಲಿ ಚಾವಣಿ ತಲೆಗೆ ತಾಗುವಷ್ಟು ಕೆಳಗಿದೆ. ಸಣ್ಣ ದೀಪ ಹೊತ್ತಿಸಿ ಕೈ ಮರೆ ಮಾಡಿದಳು.

ಮೊದಲ ಸಲ ಇಷ್ಟು ಹತ್ತಿರದಿಂದ ನೋಡಿದೆ. ಹುಳ ಬೆಂಕಿಕಡ್ಡಿಯಷ್ಟು ಉದ್ದ. ತನ್ನ ಅಂಟಿನಿಂದಲೇ ಮಾಡಿಕೊಂಡ ತೊಟ್ಟಿಲಲ್ಲಿ ಮಲಗಿ, ಕೆಳಗೆ ಇಪ್ಪತ್ತು ಮೂವತ್ತು ಎಳೆ ಇಳಿಬಿಡುತ್ತದೆ. ಎಳೆಯುದ್ದಕ್ಕೂ ಅಂಟಿನ ಹನಿಗಳು. ನದಿಯ ಮೇಲಿನ ಸೊಳ್ಳೆಯಂಥ ಹುಳುಗಳು ಬೆಳಕನ್ನು ಆಕಾಶವೆಂದು ತಿಳಿದು ಮೇಲೆ ಹಾರಿ ಅಂಟಿಕೊಳ್ಳುತ್ತವೆ. ಇದು ಎಳೆಯನ್ನು ಬಾಯಿಂದ ಸೇದಿಕೊಂಡು ತಿನ್ನುತ್ತದೆ.

"ಹುಳ ಇರ್ಬೇಕಾದ್ದು ಹಿಂಗೆ. ಈಗ ಇದನ್ನ ನೋಡು" ಅಂದಳು ಅತ್ತೆ, ದೀಪವನ್ನು ಆಚೆ ಸರಿಸಿ.

ಪಕ್ಕದ ಹುಳದ ಎಳೆಗಳೆಲ್ಲ ಒಂದಕ್ಕೊಂದು ಸಿಕ್ಕುಬಿದ್ದು, ಕಪ್ಪಾಗಿ, ಒಲೆಯ ಮೇಲಿನ ಜೇಡರಬಲೆಯ ಹಾಗಿದ್ದವು. ಅದರ ಪಕ್ಕದ್ದೂ ಹಾಗೆಯೇ. ಅದರಾಚೆ ತೊಟ್ಟಿಲು ಖಾಲಿ. ಒಂದು ಹುಳದ ಮೈಮೇಲೆ ಬಿಳಿ ಬೂಷ್ಟು ಬೆಳೆದಿತ್ತು. ಬಂಡೆಗೆ ಬೆರಳೊತ್ತಿದೆ. ಮಸಿ. ನಮ್ಮ ಬೆಂಕಿಯ ಮಸಿ.

"ಚಳಿಗಾಲದಲ್ಲಿ ಒಳಗಡೆ ಹೊರಗಡೆಗಿಂತ ಬೆಚ್ಚಗೆ" ಅಂದಳು. "ಬಿಸಿ ಗಾಳಿ ಮೇಲಿನ ಕಂಡಿಯಿಂದ ಹೋಗುತ್ತೆ. ಕೆಳಗಿಂದ ಹೊಸದನ್ನ ಎಳ್ಕೊಳ್ಳುತ್ತೆ. ಅದಕ್ಕೇ ನಾನು ಚಳಿಗಾಲದಲ್ಲಿ ಬಾಗಿಲು ಒಂದು ಗೇಣು ಮಾತ್ರ ತೆರೀತಿದ್ದೆ. ಹೀನೆ ಉಸಿರು ಅಂತ ನಮ್ಮಜ್ಜಿ ಅಂತಿದ್ಲು. ನಿನಗೆ ಬೇರೆ ಹೆಸರು ಬೇಕಾದ್ರೆ ಇಟ್ಕೊ."

"ಮುಂಚೇನೇ ಹಿಂಗೆ ಬಿಡಿಸಿ ಹೇಳ್ಬಹುದಿತ್ತಲ್ಲ ಅತ್ತೆ."

"ಹೇಳ್ದೆ. ನೀನು ಸೊಪ್ಪು ಸುಟ್ಟು ತೋರಿಸ್ದೆ."

ಆಮೇಲೆ ಜೇಬಿನಿಂದ ನಾರಿನ ಹಗ್ಗ ತೆಗೆದಳು. ಉಂಡೆ ಮಾಡಿದ್ದು, ತೆಂಗಿನಕಾಯಿಯಷ್ಟು ದಪ್ಪ. ಕೆಲಸಕ್ಕೆ ಸೇರಿದಂದಿನಿಂದ ತಿಂಗಳಿಗೊಮ್ಮೆ ಹೀನೆಯ ಹಣೆಯ ದೀಪ ಎಣಿಸಿ, ನೂರಕ್ಕೊಂದು ಗಂಟು ಹಾಕುತ್ತಾಳಂತೆ. ಯಾರೂ ಹೇಳಿದ್ದಲ್ಲ, ಅವಳದೇ ಕ್ರಮ. ಕತ್ತಲೆಯಲ್ಲಿ ನನ್ನ ಬೆರಳನ್ನು ಅದರ ಮೇಲೆ ಓಡಿಸಿದಳು. ಏಳು ಗಂಟು, ಬಿಡುವು, ಎಂಟು ಗಂಟು, ಬಿಡುವು, ಏಳು, ಎಂಟು, ಎಂಟು. ಯುದ್ಧದ ವರ್ಷ. ನಾನು ಹುಟ್ಟಿದ ವರ್ಷ. ನನ್ನ ಅಪ್ಪ ಸತ್ತ ವರ್ಷ. ತುದಿಗೆ ಬಂದಾಗ ಮೂರು.

ಜೂನ್ ೧೨

ಸಭೆ ಸೇರಿಸಿದೆ. ಬೆಂಕಿಯನ್ನು ಬಸ್ಸು ನಿಲ್ಲುವ ಬಯಲಿಗೆ ಸಾಗಿಸೋಣ ಎಂದೆ. ಕಾರಣ ಹೇಳಿದೆ.

ಪೆನೇ ಅಜ್ಜ ಹೇಳಿದರು: "ಬಯಲಿನ ಬೆಂಕಿ ಬಯಲಿಗೆ ಸಾಕ್ಷಿ ಮಗನೇ. ಗುಹೆ ಬಾಯಲ್ಲಿ ಬೆಂಕಿ ಇಲ್ಲ ಅಂತಾನೇ ಆವತ್ತೂ ಬರೆದದ್ದು. ಎತ್ತಿ ಆಚೆ ಇಟ್ರೆ ಅದು ಬೇರೆ ಬೆಂಕಿ."

ಮಾಕೆರೆ ಎದ್ದು ನಿಂತಳು. "ಇನ್ನು ಒಂಬತ್ತು ವಾರ. ಒಂಬತ್ತು ವಾರಕ್ಕೆ ಎಪ್ಪತ್ತೆರಡು ವರ್ಷ ಬಿಟ್ಕೊಡ್ಬೇಕಾ? ಯಾವುದಕ್ಕೆ? ನೊಣದ ಮರಿಗೆ! ತಿಪೆನೆ, ಇದು ನೀನೇ ಬರೆದ ಸಾಲು ಕಣೋ. ಕರಪತ್ರದಲ್ಲಿದೆ, ಓದ್ಲಾ?"

ಓದಿದಳು. ಎಲ್ಲರೂ ನಕ್ಕರು. ಚೆನ್ನಾಗಿಯೇ ಬರೆದಿದ್ದೆ.

"ಗುಹೆ ಕೈಗೆ ಬರ್ಲಿ, ಹುಳ ತಾವಾಗೇ ಬರ್ತವೆ" ಅಂದಳು. ಅತ್ತೆ ಹಿಂದಿನ ಸಾಲಿನಲ್ಲಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಬೆಂಕಿ ಇದ್ದಲ್ಲೇ ಇರಲಿ ಎನ್ನುವವರು ಕೈ ಎತ್ತಿ ಎಂದರು. ಮೂವತ್ತೊಂದು ಕೈ. ಮೂವತ್ತೊಂದನೆಯದು ನನ್ನದು.

ಜೂನ್ ೧೩

ಏನೂ ಬರೆಯಲು ಇಲ್ಲ.

ಜೂನ್ ೨೧

ಮೇಲಿನ ಕಂಡಿಗೆ ನಾಲ್ಕು ಕಂಬಳಿ ಹೊಲಿದು ತೂಗುಹಾಕಿದೆ. ಕಂಬಳಿ ಒಳಗಿನಿಂದ ಉಬ್ಬಿ ಹೊರಗೆ ಚಾಚುತ್ತದೆ. ಕೈಯಿಟ್ಟರೆ ಬೆಚ್ಚಗೆ, ಹಸುವಿನ ಮೂಗಿನ ಹತ್ತಿರ ಕೈ ಇಟ್ಟಂತೆ. ಕಂಬಳಿಯಲ್ಲೆಲ್ಲ ಹೊಗೆಯ ವಾಸನೆ. ಎರಡು ಸಲ ಕಿತ್ತುಬಂತು. ಮಧ್ಯಾಹ್ನವೆಲ್ಲ ಅದಕ್ಕೆ ಬೆನ್ನು ಕೊಟ್ಟು ಕೂತಿದ್ದೆ.

ನದಿಯಲ್ಲಿ ಆ ಕಬ್ಬಿಣದ ಬಾಗಿಲು ಕಾಣುತ್ತದೆ. ಎತ್ತಲು ಎಂಟು ಜನ ಬೇಕು. ಇಬ್ಬರನ್ನು ಕೇಳಿದೆ. "ರಾಣಿ ಬಾಗ್ಲು ಮತ್ತೆ ಹಾಕ್ತೀಯಾ?" ಅಂದ ಒಬ್ಬ. ತಮಾಷೆಗೇ ಅಂದದ್ದು.

ಜೂನ್ ೩೦

ಹೀನೆಯ ಹಣೆ: ನೂರಾ ಹದಿನೆಂಟು.

ಜುಲೈ ೪

ತೊಂಬತ್ತೇಳು. ಎರಡು ಸಲ ಎಣಿಸಿದೆ.

ಜುಲೈ ೮

ಅರವತ್ತು. ತೊಟ್ಟಿಲಿನಿಂದ ಬಿದ್ದವು ನೀರಿನ ಮೇಲೆ ತೇಲುತ್ತವೆ. ದೋಣಿಯ ಅಂಚಿಗೆ ಅಂಟಿಕೊಂಡಿದ್ದನ್ನು ಬೆರಳಿಂದ ಎತ್ತಿದೆ. ಇನ್ನೂ ಮಿನುಗುತ್ತಿತ್ತು. ಎಲ್ಲಿ ಇಡುವುದೆಂದು ತಿಳಿಯಲಿಲ್ಲ.

ಜುಲೈ ೯

ಬೆಳಗಿನ ಪಾಳಿ ನನ್ನದು. ಏಳೂವರೆ. ಎಲ್ಲರೂ ಮೇಲೆ ಡೇರೆಗಳ ಹತ್ತಿರ ರೊಟ್ಟಿ ಕರಿಯುತ್ತಿದ್ದರು. ಅವರ ನಗು ಕೇಳಿಸುತ್ತಿತ್ತು. ಹೊಗೆ ನೇರವಾಗಿ, ಹಗ್ಗದಂತೆ, ಗುಹೆಯ ಬಾಯೊಳಗೆ ಹೋಗುತ್ತಿತ್ತು. ಯಾರೋ ಆ ತುದಿಯಿಂದ ಎಳೆಯುತ್ತಿರುವ ಹಾಗೆ.

ದೋಣಿಯ ನೀರು ಎತ್ತುವ ಡಬ್ಬಿ ಪಕ್ಕದಲ್ಲಿತ್ತು. ಹದಿನೊಂದು ಡಬ್ಬಿ ಬೇಕಾಯಿತು. ನಾಲ್ಕು ತಿಂಗಳ ಬೂದಿ. ಒಳಗೆಲ್ಲೋ ಕೆಂಡ ಉಳಿದೇ ಇತ್ತು. ಕೋಲಿನಿಂದ ಕೆದಕಿ ಕೆದಕಿ ಹೊಯ್ದೆ.

ಪುಸ್ತಕದಲ್ಲಿ ರುಜು ಹಾಕಿದೆ. ಸಮಯವನ್ನೂ ಬರೆದೆ.

ಜುಲೈ ೧೦

ಮಾಕೆರೆ ಕೆನ್ನೆಗೆ ಹೊಡೆದಳು. ಆಮೇಲೆ ಅತ್ತಳು. ಆಮೇಲೆ, ಮತ್ತೆ ಹೊತ್ತಿಸೋಣ, ಪುಸ್ತಕದ ಆ ಹಾಳೆ ಹರಿಯೋಣ, ಯಾರಿಗೆ ಗೊತ್ತಾಗುತ್ತದೆ ಎಂದಳು. ಎಲ್ಲರೂ ಪೆನೇ ಅಜ್ಜನ ಕಡೆ ನೋಡಿದರು. ಅಜ್ಜ ಬಾಗಿ, ಒದ್ದೆ ಬೂದಿಯನ್ನು ಎರಡು ಕೈಯಲ್ಲಿ ತುಂಬಿ, ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡು ಮೇಲೆ ನಡೆದುಹೋದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಆಕ್ಲೆಂಡಿನಲ್ಲಿ ಎಷ್ಟು ಚೆನ್ನಾಗಿ ಮಾತಾಡ್ತಿದ್ಯಲ್ಲೋ" ಅಂದಳು ಮಾಕೆರೆ, ಬಸ್ಸು ಹತ್ತುವಾಗ. "ನಿನ್ನ ಅತ್ತೆ ಕೆಲಸ ಖಾಲಿ ಇದೆ, ಹೋಗು, ಸೇರ್ಕೊ."

ಅತ್ತೆಯ ಮನೆಗೆ ಹೋದೆ. ಬಟ್ಟೆ ಹಿಂಡುತ್ತಿದ್ದಳು. ಹೇಳಿದೆ. ಏನನ್ನು ಬಯಸಿ ಹೋಗಿದ್ದೆನೋ. ಅವಳು ಅಂಗಿಯನ್ನು ಕೊಡವಿ ತಂತಿಗೆ ಹಾಕಿದಳು.

"ಮೇ ತಿಂಗಳಲ್ಲಿ ಆರಿಸಿದ್ರೆ ಹುಳ ಉಳೀತಿತ್ತು" ಅಂದಳು. "ಆಗಸ್ಟ್ ತನಕ ಬಿಟ್ಟಿದ್ರೆ ಗುಹೆ ಸಿಗ್ತಿತ್ತು. ನೀನು ಎರಡರ ಮಧ್ಯ ಆರಿಸ್ದೆ."

ಇನ್ನೊಂದು ಅಂಗಿ ಕೊಡವಿದಳು.

"ಒಳಗೆ ಬಾ. ಟೀ ಇದೆ."

ಜುಲೈ ೨೭

ಹೀನೆಯ ಹಣೆ: ಹನ್ನೊಂದು.

ಹೊಗೆ ನಿಂತು ಹದಿನೆಂಟು ದಿನವಾಯಿತು. ನಿಂತ ಮೇಲೂ ಸಾಯುತ್ತಿವೆ. ಈಗ ಬೂಷ್ಟು. ಒಂದರಿಂದ ಒಂದಕ್ಕೆ ಹಬ್ಬುತ್ತದೆ. ಬೂಷ್ಟು ಹಿಡಿದವನ್ನು ತೆಗೆದುಬಿಡಬೇಕು ಎಂದು ಅತ್ತೆ ಹೇಳಿದಳು. ಅವಳ ಹುಬ್ಬು ಕೀಳುವ ಚಿಮಟ ಕೊಟ್ಟಳು. ಇಡೀ ಗುಹೆಯಲ್ಲಿ ಇನ್ನೂರ ಆರು ತೆಗೆದೆ.

ಆಗಸ್ಟ್ ೧೫

ನ್ಯಾಯಾಧೀಶರು ಬಂದರು. ಉದ್ದ ಮನುಷ್ಯ, ನೆಗಡಿಯಾಗಿತ್ತು. ಸರ್ಕಾರದ ವಕೀಲರು, ನಮ್ಮ ವಕೀಲರು, ಇಬ್ಬರು ಗುಮಾಸ್ತರು. ನಮ್ಮವರು ಒಂಬತ್ತು ಜನ.

ಗುಹೆಯ ಬಾಯಿಗೆ ಕರೆದೊಯ್ದೆವು. ಅಜ್ಜ ಹಿಂದಿನ ದಿನ ಹೊಸ ಬೆಂಕಿ ಹೊತ್ತಿಸಬಹುದಿತ್ತು. ಹೊತ್ತಿಸಲಿಲ್ಲ. ಒದ್ದೆ ಬೂದಿಯ ಮೇಲೆ ಪಾಚಿ ಹಿಡಿದಿತ್ತು.

ನ್ಯಾಯಾಧೀಶರು ಮೂಗು ಒರೆಸಿಕೊಂಡು ಕೇಳಿದರು: "ಈ ಬೆಂಕಿ ಮಾರ್ಚಿನಿಂದ ಒಂದೇ ಸಮ ಉರೀತಿತ್ತಾ?"

"ಇಲ್ಲ" ಅಂದರು ಅಜ್ಜ. "ಜುಲೈ ಒಂಬತ್ತಕ್ಕೆ ಆರಿತು."

"ಮಳೆಗೆ?"

"ಇಲ್ಲ. ಆರಿಸಿದ್ದು."

"ಯಾರು ಆರಿಸಿದ್ದು? ಪ್ರವಾಸ ಇಲಾಖೆಯವರಾ? ಪೊಲೀಸರಾ?"

ನಮ್ಮ ವಕೀಲರು ಅಜ್ಜನನ್ನು ಬೇಡುವವರಂತೆ ನೋಡುತ್ತಿದ್ದರು. ನಾನು ಮುಂದೆ ಬರಲು ಹೆಜ್ಜೆ ಎತ್ತಿದೆ. ಅಜ್ಜ ತಮ್ಮ ಊರುಗೋಲನ್ನು ನನ್ನ ಕಾಲಿಗೆ ಅಡ್ಡ ಇಟ್ಟರು.

"ನಾವೇ" ಅಂದರು.

ಗುಮಾಸ್ತ ಬರೆದುಕೊಂಡ. ಆಮೇಲೆ ನ್ಯಾಯಾಧೀಶರಿಗೆ ಹುಳ ನೋಡುವ ಆಸೆಯಾಯಿತು. ಇಷ್ಟು ದೂರ ಬಂದಿದ್ದೇನೆ ಎಂದರು. ಅತ್ತೆ ದೋಣಿಯಲ್ಲಿ ಕೂರಿಸಿದಳು. ನಾನೂ ಹೋದೆ. ಅತ್ತೆ ತಂತಿ ಹಿಡಿದು ಎಳೆದಳು. ಹೀನೆಯ ಹಣೆಯ ಕೆಳಗೆ ನಿಲ್ಲಿಸಿದಳು. ಕತ್ತಲೆ. ಎಲ್ಲರೂ ತಲೆಯೆತ್ತಿ ಕಾದರು.

"ಇನ್ನೂ ಮುಂದೆ ಇದೆಯಾ?" ಎಂದರು ನ್ಯಾಯಾಧೀಶರು ಪಿಸುಮಾತಿನಲ್ಲಿ.

"ಇಲ್ಲ ಸ್ವಾಮಿ" ಅಂದಳು ಅತ್ತೆ. "ಇಷ್ಟೇ."

ಸೆಪ್ಟೆಂಬರ್ ೩

ತೀರ್ಪು ಬಂತು. ಎರಡು ಹಾಳೆ. "ಬೆಂಕಿ ಇಲ್ಲ" ಎಂಬ ಸಾಲು ಇದೆ. ಹಳೆಯದನ್ನೇ ನಕಲು ಮಾಡಿದ ಹಾಗೆ.

ಡೇರೆಗಳನ್ನು ನಾವೇ ಬಿಚ್ಚಿದೆವು. ಪೊಲೀಸರು ಬರುವ ಅಗತ್ಯ ಬೀಳಲಿಲ್ಲ. ಕಾನ್‌ಸ್ಟೇಬಲ್ ಒಬ್ಬ ಬಂದು ಹಗ್ಗ ಸುತ್ತಲು ಕೈಜೋಡಿಸಿದ.

ಸೆಪ್ಟೆಂಬರ್ ೨೪

ಇಲಾಖೆ ಗುಹೆಯನ್ನು ಮುಚ್ಚಿದೆ. ನೋಡಲು ಏನೂ ಇಲ್ಲವಲ್ಲ. ಹೊಸ ಬಾಗಿಲು ಕೂರಿಸಿದರು. ಕಿರೀಟದ ಗುರುತು ಇಲ್ಲ, ಬರೀ ಬೂದು ಬಣ್ಣ. ಗಾಳಿ ಹದದಲ್ಲಿಟ್ಟು ನೋಡಬೇಕು, ಕೆಲವು ವರ್ಷಕ್ಕೆ ಹುಳ ಮತ್ತೆ ಬಂದರೂ ಬರಬಹುದು, ಬೆಳಿಗ್ಗೆ ಸಂಜೆ ಬಾಗಿಲು ನೋಡಿಕೊಳ್ಳಲು ಒಬ್ಬರು ಬೇಕು ಎಂದು ಅತ್ತೆಯನ್ನು ಕೇಳಿದರು.

ಅತ್ತೆ ಒಪ್ಪಲಿಲ್ಲ. ಆ ಕತ್ತಲೆಯಲ್ಲಿ ತನಗೆ ದಾರಿ ತಿಳಿಯುವುದಿಲ್ಲ ಎಂದಳಂತೆ. ನನ್ನ ಹೆಸರು ಹೇಳಿದಳಂತೆ.

ಒಪ್ಪಿಕೊಂಡೆ. ತಾತ್ಕಾಲಿಕ. ವ್ಯವಸ್ಥೆಯ ಒಳಗಿದ್ದುಕೊಂಡು ಅದರ ದೌರ್ಬಲ್ಯಗಳನ್ನು…

ಸಂಜೆ ಆಯಿತು, ಬಾಗಿಲಿಗೆ ಹೊತ್ತಾಗುತ್ತದೆ.

ಅಕ್ಟೋಬರ್ ೧೫

ಬಿಸಿಲು ಬರುತ್ತಿದೆ. ಮಧ್ಯಾಹ್ನದ ಹೊತ್ತು ಗಾಳಿ ಆಗಲೇ ಹೊರಗೆ ಬೀಸಲು ಶುರುವಾಗಿದೆ. ಬೆಳಿಗ್ಗೆ ಇನ್ನೂ ಎಳೆಯುತ್ತದೆ. ಬೆಳಿಗ್ಗೆ ಒಂದು ಗೇಣು, ಮಧ್ಯಾಹ್ನ ಪೂರ್ತಿ, ಸಂಜೆ ಮುಚ್ಚುವುದು. ಅತ್ತೆ ಹೇಳಿಕೊಟ್ಟ ಲೆಕ್ಕ: ಹುಲ್ಲಿನ ಎಸಳೊಂದನ್ನು ಗುಹೆಯ ಕೆಳಗಿನ ಬಾಯಲ್ಲಿ ಹಿಡಿದು ಅದು ಯಾವ ಕಡೆ ಬಾಗುತ್ತದೆ ನೋಡಬೇಕು.

ಅತ್ತೆ ಮುಂದಿನ ವಾರ ಮಗಳ ಮನೆಗೆ, ಸಿಡ್ನಿಗೆ ಹೋಗುತ್ತಾಳೆ. ಬರುತ್ತೀಯಾ ಎಂದು ಕೇಳಿದೆ. "ನೋಡ್ಬೇಕು" ಅಂದಳು. ಹಗ್ಗದ ಉಂಡೆ ಕೊಟ್ಟಳು.

"ಗುಹೆ ನಮ್ದು ಅಂತ ನೀನು ಹೇಳಿದ್ದು ಸರೀನೇ ಕಣೋ" ಅಂದಳು, ಬಾಗಿಲಲ್ಲಿ ನಿಂತು. "ನಮ್ದು ಅಂತ ಗೊತ್ತಿತ್ತು ಅಂತಾನೇ ಕಾದೆ. ಬೇರೆಯವ್ರದ್ದಾಗಿದ್ರೆ ಐದು ಗಂಟೆಗೆ ಮನೆಗೆ ಹೋಗ್ತಿದ್ದೆ."

ನವೆಂಬರ್ ೧೨

ತಿಂಗಳ ಎಣಿಕೆಗೆ ಹೋಗಿದ್ದೆ. ಹೀನೆಯ ಹಣೆಯಲ್ಲಿ ಒಂದು ದೀಪ ಇತ್ತು.

ಕಣ್ಣಿನ ಭ್ರಮೆ ಅಂದುಕೊಂಡೆ. ಕಣ್ಣು ಮುಚ್ಚಿ ತೆರೆದೆ. ಇತ್ತು. ದೋಣಿಯನ್ನು ಅದರ ಕೆಳಗೆ ತಂದು, ದೀಪ ಹೊತ್ತಿಸಿ ಅಂಗೈ ಮರೆ ಮಾಡಿದೆ. ಮರಿಯಲ್ಲ. ಕೋಶದಿಂದ ಆಗಷ್ಟೇ ಹೊರಬಂದ ದೊಡ್ಡ ನೊಣ. ಹೆಣ್ಣು. ಹೊಟ್ಟೆ ದಪ್ಪ, ಅದರ ತುದಿಯಲ್ಲಿ ಬೆಳಕು. ಎಲ್ಲಿ ಅಡಗಿತ್ತೋ, ಬೂಷ್ಟಿಗೂ ಸಿಗದೆ, ನನ್ನ ಚಿಮಟಕ್ಕೂ ಸಿಗದೆ.

ಅತ್ತೆ ಹೇಳಿದ್ದಳು. ರೆಕ್ಕೆ ಬಂದ ಮೇಲೆ ಅದು ತಿನ್ನುವುದಿಲ್ಲ. ತಿನ್ನಲು ಬಾಯಿಲ್ಲ. ಎರಡು ಮೂರು ದಿನ. ಹೆಣ್ಣು ಬಂಡೆಗೆ ಜೋತುಬಿದ್ದು ಬೆಳಕು ಬಿಟ್ಟುಕೊಂಡು ಕಾಯುತ್ತದೆ. ಗಂಡು ನೋಡಿ ಬರಬೇಕು.

ಇಡೀ ಗುಹೆ ಸುತ್ತಿದೆ. ತಂತಿ ಮುಗಿಯುವವರೆಗೆ ಹೋದೆ, ಅಲ್ಲಿಂದ ಮೊಣಕಾಲು ನೀರಿನಲ್ಲಿ ಹೋದೆ. ಬೇರೆ ಒಂದೂ ಇಲ್ಲ.

ನವೆಂಬರ್ ೧೩

ಇದೆ. ನಿನ್ನೆಗಿಂತ ಹೆಚ್ಚು ಹೊಳೆಯುತ್ತಿದೆ.

ನವೆಂಬರ್ ೧೪

ಇತ್ತು. ನಾನು ಹೋದಾಗ ಇತ್ತು. ನನ್ನ ದೀಪವನ್ನು ಆರಿಸಿದೆ, ಗಂಡು ಬಂದರೆ ಅದನ್ನು ನೋಡಿ ಇನ್ನೇನೋ ಅಂದುಕೊಳ್ಳಬಾರದು ಎಂದು. ಮಾತಾಡಲಿಲ್ಲ, ಕೆಮ್ಮು ಬಂದರೂ ತಡೆದುಕೊಂಡೆ. ಮಧ್ಯಾಹ್ನದ ಬಾಗಿಲು ತೆರೆಯಲು ಹೋಗಿ ಬಂದಾಗ ಬೆಳಕು ಇರಲಿಲ್ಲ, ಎಲ್ಲಿತ್ತೆಂದೇ ತಿಳಿಯಲಿಲ್ಲ.

ಹಗ್ಗ ಜೇಬಿನಲ್ಲಿತ್ತು. ತುದಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತೆ. ಗಂಟು ನೂರಕ್ಕೊಂದು. ಒಂದಕ್ಕೆ ಗಂಟು ಹಾಕುವ ಕ್ರಮ ಅತ್ತೆ ಹೇಳಿಕೊಟ್ಟಿಲ್ಲ. ಬೆರಳಿನಲ್ಲಿ ಒಂದು ಗೇಣು ಹಗ್ಗವನ್ನು ಹಾಗೇ ಖಾಲಿ ದಾಟಿಸಿ, ಉಂಡೆಗೆ ಸುತ್ತಿದೆ.

ಹೊರಗೆ ಬಂದು ಹುಲ್ಲಿನ ಎಸಳು ಹಿಡಿದೆ. ಹೊರಕ್ಕೆ ಬಾಗಿತು. ಸಂಜೆ ಐದಕ್ಕೆ ಬಾಗಿಲು ಮುಚ್ಚಬೇಕು. ನಾಳೆ ಏಳಕ್ಕೆ ಒಂದು ಗೇಣು.